ಎಂಜಿ ಕಾರಿಗೆ ಟಾಂಗಾ ಮಿಸ್ತ್ರಿಯ ಮೊಳೆ

ಕೊಳೆತ ಕಟ್ಟಿಗೆಯ ಮೇಲೆ ಹೊಸ ರೆಕ್ಸಿನ್ ಹೊಡೆಯಲು ಒಪ್ಪದ ಸೊಲ್ಲಾಪುರದ ಕುಶನ್ ಅಂಗಡಿ

ಸೊಲ್ಲಾಪುರ: ಎಂಜಿ ಎಂದರೆ ಈಗಿನ ಹುಡುಗರ ಕಣ್ಣ ಮುಂದೆ ಬರುವುದು 2019ರಲ್ಲಿ ಭಾರತದ ಮಾರುಕಟ್ಟೆಗೆ ಇಳಿದ ಹೆಕ್ಟರ್ ಕಾರು. ಅಕ್ಕಲಕೋಟ ರಸ್ತೆಯ ಬದಿಗಿರುವ ಒಂದು ಕುಶನ್ ಅಂಗಡಿಯ ತಗಡಿನ ಶೆಡ್ಡಿನಲ್ಲಿ ನಾಲ್ಕು ತಿಂಗಳಿನಿಂದ ನಿಂತಿರುವ ಎಂಜಿಯೇ ಬೇರೆ. ಎರಡೇ ಸೀಟು, ಉದ್ದ ಮೂತಿ, ಎರಡೂ ಕಡೆ ರೆಕ್ಕೆಯಂತೆ ಚಾಚಿದ ಮಡ್‌ಗಾರ್ಡ್, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ. ಇದು 1952ರ 'ಟಿಡಿ' ಮಾದರಿ. ಹೊರಗೆ ಬಣ್ಣ ಬಳಿದಾಗಿದೆ, ಎಂಜಿನ್ ಕೂಡ ಒಂದೇ ಸೆಲ್ಫಿಗೆ ಶುರುವಾಗುತ್ತದೆ. ಆದರೆ ಬಾಗಿಲು ತೆಗೆದು ಒಳಗೆ ಇಣುಕಿದರೆ ಬರಿ ಕಟ್ಟಿಗೆ!

ಕಾರಿನ ಒಳಹೊದಿಕೆಗೆ ಗ್ಯಾರೇಜಿನವರು 'ಟ್ರಿಮ್' ಅನ್ನುತ್ತಾರೆ. ಬಾಗಿಲಿನ ಪ್ಯಾನಲ್, ಕಾಲಿನ ಪಕ್ಕದ ಹಲಗೆ, ಡ್ಯಾಶ್‌ಬೋರ್ಡಿಗೆ ಸುತ್ತಿದ ರೆಕ್ಸಿನ್, ನೆಲದ ಕಾರ್ಪೆಟ್, ಸೀಟು ಎಲ್ಲ ಅದರಲ್ಲೇ ಬಂತು. ಎಂಜಿನ್ ರಿಪೇರಿ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆದರೆ ಇಂಥ ಕಾರಿಗೆ ಒಳಹೊದಿಕೆ ಕೂರಿಸುವವರನ್ನು ಹುಡುಕಿ ಕಾರಿನ ಮಾಲೀಕರಾದ ನಿವೃತ್ತ ವೈದ್ಯರು ಪುಣೆ, ಕೊಲ್ಹಾಪುರ ಸುತ್ತಿದ್ದಾರೆ. ಕೊನೆಗೆ ಸಿಕ್ಕವರು ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲೇ ಇದ್ದರು. ಎಪ್ಪತ್ತು ದಾಟಿದ ಈ ಮಿಸ್ತ್ರಿ ಟ್ರಾಕ್ಟರ್ ಸೀಟು, ರಿಕ್ಷಾ ಹುಡ್ ಹೊಲಿದು ಜೀವನ ಮಾಡಿದವರು. ಅವರ ತಂದೆ ಟಾಂಗಾಗಳಿಗೆ ಗಾದಿ ಹೊಡೆಯುತ್ತಿದ್ದರು. ಪೇಪರಿನಲ್ಲಿ ಹೆಸರು ಬೇಡ ಅನ್ನುವುದು ಇಬ್ಬರದೂ ಶರತ್ತು. "ಕೆಲಸ ಬರೀರಿ, ಹೆಸರ ಯಾಕ ಬೇಕು" ಎನ್ನುತ್ತಾರೆ ಮಿಸ್ತ್ರಿ.

ಟಾಂಗಾಕ್ಕೂ ಎಂಜಿಗೂ ಒಂದೇ ಗಡ

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ 'ಮಾರಿಸ್ ಗ್ಯಾರೇಜಸ್' ಎಂಬ ಅಂಗಡಿಯ ಹೆಸರಿನ ಎರಡು ಪದಗಳ ಮೊದಲ ಅಕ್ಷರಗಳೇ ಎಂಜಿ. ಮುಂದೆ ಹತ್ತಿರದ ಆ್ಯಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1929ರಿಂದ 1980ರವರೆಗೆ ಈ ಕಾರುಗಳು ತಯಾರಾದವು. ಟಿಡಿ ಮಾದರಿ 1953ರವರೆಗೆ ಸುಮಾರು 30 ಸಾವಿರ ತಯಾರಾಯಿತು. ಅದರಲ್ಲಿ ಹೆಚ್ಚಿನ ಪಾಲು ಹೋದದ್ದು ಅಮೆರಿಕಕ್ಕೆ. 1250 ಸಿಸಿ ಎಂಜಿನ್, 54 ಕುದುರೆಶಕ್ತಿ. ಇಂದಿನ ಲೆಕ್ಕದಲ್ಲಿ ಏನೂ ಅಲ್ಲ, ಅಂದಿಗೆ ಅದು ಓಟದ ಕಾರು.

ಈ ಕಾರಿನ ಕೆಳಗಿನ ಚಾಸಿಸ್ ಕಬ್ಬಿಣದ್ದೇ. ಆದರೆ ಮೇಲಿನ ಬಾಡಿಯ ಎಲುಬುಗೂಡು ಕಟ್ಟಿಗೆಯದು. ಯುರೋಪಿನ 'ಆ್ಯಶ್' ಎಂಬ ಮರವನ್ನು ಕೊಯ್ದು, ಜೋಡಿಸಿ, ಅದರ ಮೇಲೆ ತಗಡು ಹೊದಿಸಿದ್ದಾರೆ. ಕ್ರಿಕೆಟ್ ಸ್ಟಂಪುಗಳನ್ನು ಮಾಡುತ್ತಿದ್ದದ್ದೂ ಇದೇ ಮರದಿಂದ. ಕುದುರೆ ಸಾರೋಟು ಕಟ್ಟುತ್ತಿದ್ದ ಕಾಲದ ಪದ್ಧತಿ ಹಾಗೇ ಕಾರಿಗೂ ಬಂದಿತ್ತು. ಎಂಜಿಯವರು 1955ರಲ್ಲಿ ಬಂದ 'ಎ' ಮಾದರಿಯಲ್ಲಿ ಅದನ್ನು ಬಿಟ್ಟು ಉಕ್ಕಿನ ಬಾಡಿಗೆ ಹೋದರು. ಇಂಗ್ಲೆಂಡಿನ ಮಾರ್ಗನ್ ಕಂಪನಿ ಇಂದಿಗೂ ಆ್ಯಶ್ ಮರದ ಚೌಕಟ್ಟು ಬಿಟ್ಟಿಲ್ಲ.

ಹೀಗಾಗಿ ಈಗಿನ ಕಾರಿನಂತೆ ಇದರ ಬಾಗಿಲಿಗೆ ಪ್ಲಾಸ್ಟಿಕ್ ಕ್ಲಿಪ್ ಒತ್ತಿ ಪ್ಯಾನಲ್ ಕೂರಿಸಲು ಬರುವುದಿಲ್ಲ. ಇದಕ್ಕೆ ಬೇಕಾದದ್ದು ಮರಾಠಿಯಲ್ಲಿ 'ಚುಕಾ' ಎಂದು ಕರೆಯುವ ಸಣ್ಣ ಮೊಳೆ, ಮರದ ಸ್ಕ್ರೂ, ಅದರ ತಲೆಯ ಕೆಳಗೆ ಬಟ್ಟಲಿನಂಥ ಕಪ್ ವಾಷರ್. ಟಾಂಗಾದ ಗಾದಿ ಹೊಡೆಯುವವನ ಪೆಟ್ಟಿಗೆಯಲ್ಲಿ ಇರುತ್ತಿದ್ದುದೂ ಹೆಚ್ಚುಕಮ್ಮಿ ಇವೇ. ಕಾರು ಮೊದಲ ದಿನ ಶೆಡ್ಡಿಗೆ ಬಂದಾಗ ಮಿಸ್ತ್ರಿ ಅದರ ಸುತ್ತ ಒಂದು ಸಲ ತಿರುಗಿ, ಬಾಗಿಲಿನ ಒಳಗೆ ಕೈಯಾಡಿಸಿ ಅಂದದ್ದು ಇಷ್ಟೇ: "ಇದು ಮೋಟಾರ ಅಲ್ರಿ, ಟಾಂಗಾಕ್ಕ ಎಂಜಿನ್ ಕೂಡಿಸ್ಯಾರ."

ಮೊಳೆ ಹಿಡಿಯಲಿಲ್ಲ

ಕಾರು ವೈದ್ಯರ ತಂದೆಯವರು 60ರ ದಶಕದಲ್ಲಿ ಮುಂಬಯಿಯಿಂದ ಹಳೆಯದನ್ನೇ ಕೊಂಡು ತಂದದ್ದು. ಬಹಳ ವರ್ಷ ಮನೆಯ ಹಿತ್ತಲಲ್ಲಿ ನಿಂತಿತ್ತು. ಕೆಲವು ವರ್ಷಗಳ ಹಿಂದೆ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಒಳಗಿನ ಕೆಲಸ ಮಾಡಿಸಿದ್ದರು. ಅಲ್ಲಿ ಹಳೆಯ ಪ್ಯಾನಲ್‌ಗಳನ್ನು ಕಿತ್ತು ಎಸೆದು, ಚೌಕಟ್ಟಿಗೆ ನೇರವಾಗಿ ಸೊಲ್ಯೂಶನ್ ಬಳಿದು, ಒಂದು ಇಂಚಿನ ಫೋಮ್ ಅಂಟಿಸಿ, ಮೇಲೆ ಹೊಳೆಯುವ ರೆಕ್ಸಿನ್ ಎಳೆದಿದ್ದರು. ಕೊಟ್ಟ ದಿನ ನೋಡಲು ಚೆಂದವೇ ಇತ್ತಂತೆ.

ತೆರೆದ ಕಾರಿಗೆ ಫೋಮ್ ವೈರಿ. ಬಟ್ಟೆಯ ಹುಡ್ಡಿನ ಸಂದಿಯಿಂದ, ಬಾಗಿಲಿನ ಅಂಚಿನಿಂದ ನೀರು ಒಳಗೆ ಬಂದೇ ಬರುತ್ತದೆ. ಮೂಲ ಜೋಡಣೆಯಲ್ಲಿ ಪ್ಯಾನಲ್ ಹಿಂದೆ ಗಾಳಿಯಾಡುವ ಜಾಗ ಇರುತ್ತದೆ, ನೀರು ಕೆಳಗಿಳಿದು ಒಣಗುತ್ತದೆ. ಫೋಮ್ ಮಾತ್ರ ಸ್ಪಂಜಿನಂತೆ ನೀರು ಕುಡಿದು, ಕಟ್ಟಿಗೆಗೆ ಒತ್ತಿಕೊಂಡೇ ಇರುತ್ತದೆ. ಇಲ್ಲಿ ಆದದ್ದೂ ಅದೇ. ರೆಕ್ಸಿನ್ ಬಿಚ್ಚಿದಾಗ ಬಾಗಿಲಿನ ಕೆಳಗಿನ ಪಟ್ಟಿ, ಕೀಲು ಕೂರುವ ಕಂಬ ಎರಡೂ ಕಪ್ಪಾಗಿದ್ದವು. ಮಿಸ್ತ್ರಿ ಆರಿಯಿಂದ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು.

ಅವತ್ತು ಶೆಡ್ಡಿನಲ್ಲಿ ನಡೆದ ಮಾತು ಅಕ್ಕಪಕ್ಕದ ಅಂಗಡಿಯವರಿಗೂ ನೆನಪಿದೆ.

"ಡಾಕ್ಟ್ರ, ಮೊಳಿ ಹೊಡದ್ರ ಹಿಡೀಬೇಕಲ್ರಿ. ಇದು ರವಾ ಉದುರಿದಂಗ ಉದುರ್ಲಿಕತ್ತದ. ಇದರ ಮ್ಯಾಲ ನಾ ರೆಕ್ಸಿನ್ ಹೊಡ್ಯಾಂಗಿಲ್ಲ."

"ಮಿಸ್ತ್ರಿ, ಮ್ಯಾಲೆ ಮುಚ್ಚಿದ ಮ್ಯಾಲ ಯಾರಿಗೆ ಕಾಣಸ್ತದ್ರಿ?"

"ಬಾಗಲಕ್ಕ ಕಾಣಸ್ತದ್ರಿ."

ಮಾತು ಹುಡುಗಾಟದ್ದಲ್ಲ. ಈ ಕಾರಿನ ಬಾಗಿಲಿಗೆ ಕೀಲು ಇರುವುದು ಹಿಂಭಾಗದಲ್ಲಿ, ತೆರೆಯುವುದು ಮುಂದಿನಿಂದ. ಓಡುವಾಗ ಚಿಲಕ ತಪ್ಪಿದರೆ ಎದುರಿನ ಗಾಳಿಯೇ ಬಾಗಿಲನ್ನು ಹೊರಗೆ ಎಳೆಯುತ್ತದೆ. ಕಂಬದ ಕಟ್ಟಿಗೆ ಕೊಳೆತರೆ ಬಾಗಿಲು ಜೋತುಬೀಳುತ್ತದೆ, ಜೋತುಬಿದ್ದ ಬಾಗಿಲಿನ ಚಿಲಕ ಸರಿಯಾಗಿ ಕೂರುವುದಿಲ್ಲ. ಬಣ್ಣ ಹಚ್ಚುವವನಿಗೂ, ಎಂಜಿನ್ ಮೆಕ್ಯಾನಿಕನಿಗೂ ಇದು ಗೊತ್ತಾಗುವುದಿಲ್ಲ. ಒಳಗಿನ ಕಟ್ಟಿಗೆಗೆ ಮೊಳೆ ಹೊಡೆಯುವವನಿಗೇ ಮೊದಲು ಗೊತ್ತಾಗುವುದು.

ಎರಡು ವಾರ ಕಾರು ಹಾಗೇ ನಿಂತಿತು. ಕೊನೆಗೆ ವೈದ್ಯರೇ ಬಡಿಗನನ್ನು ಕರೆತಂದರು.

ಬಡಿಗ ಮೊದಲು ಹೇಳಿದ್ದು ಜಾಲಿ ಕಟ್ಟಿಗೆ. ನಮ್ಮ ಕಡೆ ಬಂಡಿಯ ಗಾಲಿಗೆ ಅದೇ ತಾನೆ. ಮಿಸ್ತ್ರಿ ಬೇಡವೆಂದರು, ಗಟ್ಟಿ ಜಾಲಿಯಲ್ಲಿ ಸಣ್ಣ ಚುಕಾ ಮೊಳೆ ಇಳಿಯುವ ಮೊದಲೇ ಬಾಗಿಬಿಡುತ್ತದೆ. ಆ್ಯಶ್ ಇಲ್ಲಿ ಬೆಳೆಯುವ ಮರವಲ್ಲ. ಕೊನೆಗೆ ಹಳೆಯ ವಾಡೆಯೊಂದರ ತೊಲೆಯಿಂದ ಬಂದ ಒಣ ಸಾಗವಾನಿ ಆಯ್ತು. ಸಾಗವಾನಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಅದರ ಮೇಲೆ ಸೊಲ್ಯೂಶನ್ ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಜಾಗವನ್ನೆಲ್ಲ ಥಿನ್ನರ್ ಬಟ್ಟೆಯಿಂದ ಒರೆಸಿಯೇ ಮುಂದಿನ ಕೆಲಸ. ಕೊಳೆತ ತುಂಡುಗಳನ್ನು ಎಸೆಯದೆ ಅವುಗಳದೇ ಅಳತೆಗೆ, ಆಕಾರಕ್ಕೆ ಹೊಸ ತುಂಡು ಕಡೆದರು. ಬಾಗಿಲು ಸರಿಯಾಗಿ ಮುಚ್ಚಿದ ಮೇಲೆಯೇ ಮಿಸ್ತ್ರಿ ಸುತ್ತಿಗೆ ಮುಟ್ಟಿದ್ದು.

ಜೋಳದ ಡಬ್ಬಿಯ ಮುಚ್ಚಳ

ಇನ್ನೊಂದು ತೊಡಕು ನಮೂನೆಯದು. ಹಳೆಯ ಪ್ಯಾನಲ್‌ಗಳು ಗುಜರಿ ಸೇರಿದ್ದವು. ಇಂಗ್ಲೆಂಡಿನಲ್ಲಿ ಈ ಮಾದರಿಗೆ ಹೊಲಿದು ಸಿದ್ಧವಾದ ಕಿಟ್ ಸಿಗುತ್ತದೆ, ನಿಜ. ಕಸ್ಟಮ್ಸ್ ಸುಂಕ ಸೇರಿಸಿ ಅದರ ಲೆಕ್ಕ ಕೇಳಿದ ವೈದ್ಯರು ಸುಮ್ಮನಾದರು. ತರಿಸಿದರೂ ಕೆಲಸ ತಪ್ಪುತ್ತಿರಲಿಲ್ಲ ಅನ್ನಿ. ಕೈಯಿಂದ ಕಟ್ಟಿದ ಬಾಡಿ ಒಂದರಂತೆ ಇನ್ನೊಂದು ಇರುವುದಿಲ್ಲ, 70 ವರ್ಷ ಓಡಿ, ಬಡಿಸಿಕೊಂಡು, ರಿಪೇರಿಯಾದ ಮೇಲಂತೂ ಇಲ್ಲವೇ ಇಲ್ಲ.

ಅದೃಷ್ಟಕ್ಕೆ ಒಂದು ಪ್ಯಾನಲ್ ಉಳಿದಿತ್ತು. ವೈದ್ಯರ ತಾಯಿಯವರು ಎಂದೋ ಕಳಚಿಬಿದ್ದಿದ್ದ ಬಲ ಬಾಗಿಲಿನ ಹಲಗೆಯನ್ನು ಜೋಳದ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದರು! ಅದರ ಕೆಂಪು ರೆಕ್ಸಿನ್ ಬಿರಿದು ಸಿಪ್ಪೆಯಾಗಿತ್ತು. ಆದರೆ ಅಂಚಿನ ಸುತ್ತ ಮೊಳೆಯ ತೂತುಗಳು ಇದ್ದವು, ಬಟ್ಟೆ ಯಾವ ಕಡೆಯಿಂದ ಮಡಚಿ ಹಿಂದಕ್ಕೆ ತಿರುಗಿದೆ ಎಂಬ ಗೆರೆ ಇತ್ತು, ಜೇಬಿನ ಬಾಯಿಗೆ ಹಾಕಿದ ಪೈಪಿನ್ನಿನ ದಪ್ಪ ಇತ್ತು. ಮಿಸ್ತ್ರಿಗೆ ಅಷ್ಟು ಸಾಕಾಯಿತು.

ರೆಕ್ಸಿನ್ ಎಂಬುದು ಈಗ ಕನ್ನಡ, ಮರಾಠಿ ಎರಡರಲ್ಲೂ ಮನೆಮಾತು. ಮೂಲದಲ್ಲಿ ಅದು ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನ ಕಂಪನಿಯ ಮಾಲಿನ ಹೆಸರು. ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟಿನ ಲೇಪ ಕೊಟ್ಟು, ಚರ್ಮದ ಗೆರೆ ಒತ್ತಿದ ಸರಕು. ಚರ್ಮಕ್ಕಿಂತ ಬಹಳ ಅಗ್ಗವಾದ್ದರಿಂದ 1920ರ ದಶಕದಿಂದ ಇಂಗ್ಲಿಷ್ ಕಾರುಗಳ ಒಳಗೆಲ್ಲ ಅದೇ ಕೂತಿತು. ಈಗ ನಮ್ಮ ಅಂಗಡಿಗಳಲ್ಲಿ ರೆಕ್ಸಿನ್ ಎಂದು ಮಾರುವುದು ಪಿವಿಸಿ ಲೇಪದ ಬಟ್ಟೆ. ಈ ಕಾರಿಗೆ ಹಾಕಿದ್ದೂ ಅದನ್ನೇ, ಹೊಳಪು ಕಡಿಮೆ ಇರುವುದನ್ನು ಹುಡುಕಿ.

ಹಲಗೆಯ ಮೇಲೆ ರಟ್ಟು ಇಟ್ಟು ಗೆರೆ ಎಳೆದು ನಮೂನೆ ಮಾಡಿದವರು ಮಿಸ್ತ್ರಿಯ ಸೊಸೆ. ಮಗ ಪುಣೆಯ ಕಂಪನಿಯೊಂದರಲ್ಲಿದ್ದಾನೆ, ಅವನಿಗೆ ಈ ಕಸುಬು ಬೇಡ. ಸೊಸೆ ಮೊದಲು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು, ಈಗ ಅಂಗಡಿಯ ದೊಡ್ಡ ಮಷಿನ್ ಮೇಲೆ ಪೈಪಿನ್ ಕೂಡಿಸುತ್ತಾರೆ. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಶಾಲೆ ಕಲಿತವರು. ರಟ್ಟಿನ ಮೇಲೆ 'ಎಡ ಬಾಗಿಲು, ಮುಂದಿನ ತುದಿ' ಎಂದು ಕನ್ನಡದಲ್ಲಿ ಬರೆದರೆ ಮರಾಠಿ ನಾಲ್ಕನೇ ಇಯತ್ತೆ ಓದಿದ ಮಾವನಿಗೆ ಓದಲು ಬರುವುದಿಲ್ಲ! ಮನೆಯಲ್ಲಿ ಮಾತೆಲ್ಲ ಕನ್ನಡ, ಅಕ್ಷರ ಮಾತ್ರ ಬೇರೆ ಬೇರೆ. ಹೀಗಾಗಿ ಪ್ರತಿ ರಟ್ಟಿನ ಮೇಲೂ ಎರಡು ಲಿಪಿ.

ಬಲಗಡೆಯ ರಟ್ಟನ್ನು ಮಗುಚಿಟ್ಟರೆ ಎಡಕ್ಕೆ ಆಗುತ್ತದೆ ಎಂದುಕೊಂಡಿದ್ದರು. ಇಟ್ಟು ನೋಡಿದರೆ ಅರ್ಧ ಇಂಚು ಹೆಚ್ಚುಕಡಿಮೆ. "ಮಾವಾರ, ಎಡಕ್ಕ ಬ್ಯಾರೇನ ಮಾಡಬೇಕ್ರಿ" ಎಂದು ಸೊಸೆ ಇನ್ನೊಂದು ರಟ್ಟು ಕತ್ತರಿಸಿದರು.

ಬಾಯಲ್ಲಿ ಮೊಳೆ, ಬಿಸಿಲಲ್ಲಿ ರೆಕ್ಸಿನ್

ಮಿಸ್ತ್ರಿ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ನಾಲಗೆಯಿಂದ ಒಂದೊಂದೇ ತುಟಿಗೆ ತಂದು, ಅಯಸ್ಕಾಂತದ ಮೂತಿಯ ಸಣ್ಣ ಸುತ್ತಿಗೆಗೆ ಅಂಟಿಸಿಕೊಂಡು ಹೊಡೆಯುವುದು. ಒಂದು ಕೈ ಬಟ್ಟೆ ಎಳೆಯಲು ಬೇಕು, ಇನ್ನೊಂದರಲ್ಲಿ ಸುತ್ತಿಗೆ, ಮೊಳೆ ಹಿಡಿಯಲು ಮೂರನೇ ಕೈ ಎಲ್ಲಿದೆ? ಇಂಗ್ಲೆಂಡಿನ ಹಳೆಯ ಕುಶನ್ ಕೆಲಸಗಾರರ ರೂಢಿಯೂ ಇದೇ ಆಗಿತ್ತು. ಸೊಸೆಗೆ ಮಾತ್ರ ಇದನ್ನು ಕಲಿಸಿಲ್ಲ. "ಹಲ್ಲ ಹೋಗ್ತಾವ, ಬ್ಯಾಡವಾ" ಎಂದು ಮಿಸ್ತ್ರಿಯೇ ಬೇಡ ಅಂದಿದ್ದಾರೆ. ಅವರು ಮೊಳೆಯನ್ನು ಅಯಸ್ಕಾಂತದ ತಟ್ಟೆಯಲ್ಲಿಟ್ಟು ಹೊಡೆಯುತ್ತಾರೆ, ತುಸು ನಿಧಾನ.

ಪ್ಯಾನಲ್‌ಗೆ ತೆಳು ಪ್ಲೈವುಡ್ ಕತ್ತರಿಸಿ, ಹಿಂಬದಿಗೆ ನೀರು ಕುಡಿಯದಂತೆ ವಾರ್ನಿಶ್ ಹಚ್ಚಿದರು. ರೆಕ್ಸಿನ್ನನ್ನು ಹತ್ತು ನಿಮಿಷ ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ತಂದು ಎಳೆಯುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದ ಬಿಸಿಲಿಗೆ ಇದೊಂದು ಉಪಕಾರ ಅನ್ನಬೇಕು. ಬಿಸಿಯಲ್ಲಿ ಎಳೆದದ್ದು ತಣ್ಣಗಾದ ಮೇಲೆ ಬಿಗಿದುಕೊಂಡು ಸುಕ್ಕು ಹೋಗುತ್ತದೆ. ಸೀಟಿನ ಚರ್ಮಕ್ಕೆ ಮಾತ್ರ ಬಿಸಿಲು ಕೂಡದು, ಒದ್ದೆ ಬಟ್ಟೆಯಿಂದ ಹಿಂಬದಿ ಒರೆಸಿ ಎಳೆಯಬೇಕು.

ಮೊಳೆ ಶುರುವಾಗುವುದು ನಡುವಿನಿಂದ. ನಡುವೆ ಒಂದು, ಎದುರು ಅಂಚಿಗೆ ಒಂದು, ಆಮೇಲೆ ಎರಡೂ ಬದಿಗೆ ಸರಿಯುತ್ತ ಮೂಲೆಗೆ. ಮೂಲೆಯಿಂದ ಶುರು ಮಾಡಿದರೆ ಹೆಚ್ಚಿನ ಬಟ್ಟೆ ನಡುವೆ ಬಂದು ಗುಬುಟು ಕಟ್ಟುತ್ತದೆ. ಮೊದಲ ಸುತ್ತು ಅರ್ಧ ಮಾತ್ರ ಹೊಡೆಯುವುದು, ನೋಡಿ, ಕಿತ್ತು, ಮತ್ತೆ ಎಳೆದು, ಒಪ್ಪಿದ ಮೇಲೆ ಪೂರ್ತಿ. ಸೊಲ್ಯೂಶನ್‌ಗೆ ಈ ಸೌಕರ್ಯ ಇಲ್ಲ. ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿಸಿ ಕೂಡಿಸಿದರೆ ಮುಗಿಯಿತು, ತಪ್ಪಿದರೆ ಹರಿದೇ ತೆಗೆಯಬೇಕು.

ಹಿಂಭಾಗದ ಮೇಲಂಚಿನಲ್ಲಿ ಮೊಳೆಯ ಸಾಲು ಕಾಣುತ್ತದೆ. ಅದನ್ನು ಮುಚ್ಚಲು ಒಂದು ವಿಶೇಷ ಪಟ್ಟಿ ಇದೆ, ನಡುವೆ ಸೀಳು ಇರುತ್ತದೆ. ಸೀಳಿನೊಳಗೆ ಮೊಳೆ ಹೊಡೆದು ಒತ್ತಿದರೆ ಎರಡೂ ತುಟಿ ಕೂಡಿ ಮೊಳೆ ಮಾಯ. 'ಹೈಡೆಮ್' ಎಂದು ಅದರ ಹೆಸರು, ಅಂದರೆ ಅವನ್ನು ಬಚ್ಚಿಡು ಎಂದು! ಇಲ್ಲಿ ಅದು ಸಿಗಲಿಲ್ಲ. ಸೊಸೆ ರೆಕ್ಸಿನ್ ಪಟ್ಟಿಯನ್ನೇ ಎರಡು ಕಡೆಯಿಂದ ಮಡಚಿ, ಒಳಗೆ ದಪ್ಪ ದಾರ ಇಟ್ಟು ಹೊಲಿದು ಅಂಥದೇ ಮಾಡಿಕೊಟ್ಟರು. ಮೂರನೇ ಸಲಕ್ಕೆ ಸರಿಯಾಗಿ ಮುಚ್ಚಿಕೊಂಡಿತು.

ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು. ಇಲ್ಲೊಂದು ಎಚ್ಚರಿಕೆ. ಈಗಿನ ಗಾಡಿಗಳಲ್ಲಿ ಬಾಡಿಗೆ ಹೋಗುವುದು ಬ್ಯಾಟರಿಯ ಮೈನಸ್. ಈ ಕಾರಿನಲ್ಲಿ ಬಾಡಿಗೆ ಹೋಗುವುದು ಪ್ಲಸ್. ರೂಢಿಯಂತೆ ಮೈನಸ್ ಬಿಚ್ಚಲು ಹೋಗಿ ಪಕ್ಕಡ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬಣ್ಣ ನೋಡದೆ, ಬಾಡಿಗೆ ಯಾವ ವೈರ್ ಹೋಗಿದೆಯೋ ಅದನ್ನೇ ಮೊದಲು ಬಿಚ್ಚುವುದು ಕ್ಷೇಮ. ಮೀಟರುಗಳನ್ನೆಲ್ಲ ತೆಗೆದು ಹಲಗೆಗೆ ರೆಕ್ಸಿನ್ ಎಳೆದ ಮೇಲೆ, ತೂತಿನ ಜಾಗದಲ್ಲಿ ಗುಂಡಗೆ ಕತ್ತರಿಸಬಾರದು. ನಕ್ಷತ್ರದಂತೆ ಸೀಳಿ, ಎಸಳುಗಳನ್ನು ಹಿಂದಕ್ಕೆ ಮಡಚಿ ಅಂಟಿಸಿದರೆ ಅಂಚು ಎಂದೂ ಬಿಚ್ಚಿಕೊಳ್ಳುವುದಿಲ್ಲ.

ಸೀಟಿನಲ್ಲಿ ವೈದ್ಯರಿಗೂ ಮಿಸ್ತ್ರಿಗೂ ಇನ್ನೊಂದು ಜಟಾಪಟಿ. ಈ ಕಾರಿಗೆ ಕೂರುವ ಮೆತ್ತೆ ಎರಡು ಬೇರೆ ಬೇರೆ, ಒರಗುವ ಬೆನ್ನು ಮಾತ್ರ ಇಬ್ಬರಿಗೂ ಸೇರಿ ಒಂದೇ. ಮೆತ್ತಗೆ ಇರಲಿ, ನಾಲ್ಕು ಇಂಚಿನ ಫೋಮ್ ಹಾಕಿ ಎಂದು ವೈದ್ಯರು. ಸ್ಟೀರಿಂಗ್ ಎದೆಗೆ ಹತ್ತಿರ, ಸೀಟು ಎತ್ತರವಾದರೆ ತೊಡೆ ಸಿಕ್ಕಿಕೊಳ್ಳುತ್ತದೆ, ಕ್ಲಚ್ ಒತ್ತಲು ಕಾಲು ಏಳುವುದಿಲ್ಲ. ಮಿಸ್ತ್ರಿ ವಾದ ಮಾಡಲಿಲ್ಲ, ನಾಲ್ಕು ಇಂಚಿನ ಫೋಮ್ ತುಂಡು ಇಟ್ಟು "ಕೂಡ್ರಿ" ಅಂದರು. ವೈದ್ಯರು ಕೂತು, ಎರಡು ಸಲ ಕ್ಲಚ್ ಒತ್ತಿ ಇಳಿದುಬಂದರು. ಸ್ಪ್ರಿಂಗಿನ ಮೇಲೆ ಗೋಣಿ ತಟ್ಟು, ಅದರ ಮೇಲೆ ಕತ್ತದ ಮೆತ್ತೆ, ಎಲ್ಲಕ್ಕೂ ಮೇಲೆ ಅರ್ಧ ಇಂಚು ಫೋಮ್. ಹಾಗೆ ಆಯಿತು.

ನೆಲದ ಹಲಗೆಯೂ ಪ್ಲೈವುಡ್ಡೇ. ಕಾರ್ಪೆಟ್ಟನ್ನು ಅಂಟಿಸದೆ ಟಿಚ್ ಬಟನ್ ಹಾಕಿದ್ದಾರೆ, ಮಳೆಯಲ್ಲಿ ನೆನೆದರೆ ಕಿತ್ತು ಒಣಹಾಕಬಹುದು.

ಕಾಗದದ ಕೆಲಸ

ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಶುರು ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಅವಧಿ 10 ವರ್ಷ, ಮರುನೋಂದಣಿಗೆ 5 ಸಾವಿರ. ಮೊದಲೇ ಇಲ್ಲಿ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕಾರಣಕ್ಕೆ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಚಾಸಿಸ್, ಬಾಡಿ, ಎಂಜಿನ್ ಬದಲಿಸಿರಬಾರದು ಎಂಬುದು ಮುಖ್ಯ ಶರತ್ತು. ಕೊಳೆತ ತುಂಡುಗಳನ್ನು ಅದೇ ಅಳತೆಗೆ ಕಡೆಸಲು ಬಡಿಗನ ಬೆನ್ನು ಹತ್ತಿದ್ದಕ್ಕೆ ಇದೂ ಒಂದು ಕಾರಣ. ರೆಕ್ಸಿನ್ ಬಗ್ಗೆ ನಿಯಮದಲ್ಲಿ ಮಾತಿಲ್ಲ. ಆದರೆ ರ್ಯಾಲಿಗಳಲ್ಲಿ ಅಂಕ ಹಾಕುವವರು ಬಾಗಿಲು ತೆಗೆದು ನೋಡುತ್ತಾರೆ.

ವೈದ್ಯರ ಅರ್ಜಿ ಸಿದ್ಧವಾಗಿದೆ. ತಂದೆಯವರ ಕಾಲದ ಹಳೆಯ ಆರ್.ಸಿ. ಪುಸ್ತಕ ಹೇಗೋ ಉಳಿದಿದೆ, ಹುಳ ತಿಂದಿಲ್ಲ.

ಅಂಗಡಿಯಲ್ಲಿ ಈಗ ರಟ್ಟಿನ ನಮೂನೆಗಳೆಲ್ಲ ಗೋಡೆಯ ಮೊಳೆಗೆ ನೇತಾಡುತ್ತಿವೆ, ಒಟ್ಟು ಹದಿನೇಳು. ಯಾವುದಕ್ಕೆ ಎಷ್ಟು ಮೊಳೆ, ಯಾವ ಅಂಚು ಮೊದಲು ಎಂದು ಸೊಸೆ ಇನ್ನೂರು ಪುಟದ ವಹಿಯಲ್ಲಿ ಬರೆದಿಟ್ಟಿದ್ದಾರೆ. ಮಿಸ್ತ್ರಿಯ ಎಡಗಣ್ಣಿಗೆ ಮೋತಿಬಿಂದು ಬಂದಿದೆ, ಆಪರೇಶನ್ ಆಗಬೇಕು. ಎಡ ಬಾಗಿಲಿನ ಪ್ಯಾನಲ್ಲಿನ ಮೊಳೆಗಳನ್ನು ಪೂರ್ತಿ ಸೊಸೆಯೇ ಹೊಡೆದದ್ದು. ಬಲದ್ದು ಮಿಸ್ತ್ರಿಯದು. ಎಡದ್ದೇ ಸಾಪ ಕೂತಿದೆ ಎಂದು ವೈದ್ಯರು ಮಿಸ್ತ್ರಿಯ ಎದುರಿಗೇ ಹೇಳಿದರಂತೆ.

ಹುಡ್ಡಿನ ಕೆಲಸ ಬಾಕಿ ಇದೆ. ಅದಕ್ಕೆ ಬೇಕಾದ ಕ್ಯಾನ್ವಾಸ್ ಮುಂಬಯಿಯಿಂದ ಬರಬೇಕು. ಅಲ್ಲಿಯವರೆಗೆ ಮೋಡ ಕಂಡರೆ ಸಾಕು, ಪಕ್ಕದ ಟೈರ್ ಅಂಗಡಿಯ ಹುಡುಗರೇ ಓಡಿಬಂದು ಕಾರಿಗೆ ತಾಡಪತ್ರಿ ಹೊದಿಸುತ್ತಾರೆ.